ಸೈಕಲ್ ತುಳಿಯುವ ಖರ್ಚನ್ನೇ ಸಂಶೋಧನೆಗೆ ಕೊಟ್ಟರೆ ಆಗುವುದಿಲ್ಲವಾ?

ನಿಮ್ಮ ಗೆಳೆಯರು ತಂಡ ಕಟ್ಟಿಕೊಂಡು ಅಮೆರಿಕವನ್ನು ಸೈಕಲ್‌ನಲ್ಲಿ ದಾಟುವ ‘ರೇಸ್ ಅಕ್ರಾಸ್ ಅಮೆರಿಕ’ಕ್ಕೆ ಹೊರಟಿದ್ದಾರೆ. ಟೈಪ್ 1 ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ತಯಾರಾಗದೆ ಹೊರಗಿನಿಂದಲೇ ಕೊಡಬೇಕಾಗುವ ಸಕ್ಕರೆ ಕಾಯಿಲೆ) ಸಂಶೋಧನೆಗೆ ದುಡ್ಡು ಕೇಳುತ್ತಿದ್ದಾರೆ, ಜೊತೆಗೆ ನಿಮ್ಮನ್ನು ಸಹಾಯಕ್ಕೂ ಕರೆದಿದ್ದಾರೆ. ಗಾಡಿ, ಪೆಟ್ರೋಲು, ವಿಮಾನದ ಟಿಕೆಟ್ ಅಂತ ಸುರಿಯುವ ದುಡ್ಡನ್ನು ನೇರವಾಗಿ ಸಂಶೋಧನೆಗೇ ಕೊಟ್ಟರೆ ಆಗುವುದಿಲ್ಲವಾ, ಇದು ನಿಮ್ಮ ಪ್ರಶ್ನೆ.

ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. 2019ರ ಜೂನ್‌ನಲ್ಲಿ ನಾನು ಎಂಟು ಸವಾರರ ತಂಡವೊಂದಕ್ಕೆ ವ್ಯಾನ್ ಓಡಿಸಿದೆ. ಒಪ್ಪಿಕೊಂಡಿದ್ದು ನನ್ನ ತಂಗಿಗಾಗಿ. ಅವಳಿಗೆ 11ನೇ ವಯಸ್ಸಿನಲ್ಲಿ ಟೈಪ್ 1 ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಅವಳ ಶುಗರ್ ಎಷ್ಟು ಅಂತ ಕೇಳದೆ ಊಟಕ್ಕೆ ಕೂತಿಲ್ಲ. ಆ ತಂಡದ ಎಂಟು ಜನರಲ್ಲಿ ಮೂವರಿಗೆ ಅದೇ ಕಾಯಿಲೆ ಇತ್ತು.

ಮೊದಲು ರೇಸ್ ಬಗ್ಗೆ ಸ್ವಲ್ಪ ಹೇಳುತ್ತೇನೆ. 1982ರಲ್ಲಿ ನಾಲ್ಕೇ ಜನ ಸಾಂಟಾ ಮೋನಿಕಾದಿಂದ ನ್ಯೂಯಾರ್ಕ್‌ಗೆ ತುಳಿದದ್ದು ಇದರ ಶುರು. ಲಾನ್ ಹಾಲ್ಡೆಮನ್ ಗೆದ್ದರು. ನಾವು ಹೋದಾಗ ಕ್ಯಾಲಿಫೋರ್ನಿಯಾದ ಓಶನ್‌ಸೈಡ್‌ನಲ್ಲಿ ಹೊರಟು ಮೇರಿಲ್ಯಾಂಡ್‌ನ ಅನಾಪೊಲಿಸ್‌ನಲ್ಲಿ ಮುಗಿಯುತ್ತಿತ್ತು. 12 ರಾಜ್ಯ, ಸುಮಾರು 4,900 ಕಿಲೋಮೀಟರ್. ಟೂರ್ ದ ಫ್ರಾನ್ಸ್ ಹಾಗೆ ದಿನಕ್ಕೊಂದು ಹಂತ ಅಂತ ಇಲ್ಲಿಲ್ಲ. ಗಡಿಯಾರ ಒಮ್ಮೆ ಶುರುವಾದರೆ ಕೊನೆ ಮುಟ್ಟುವವರೆಗೆ ನಿಲ್ಲುವುದೇ ಇಲ್ಲ. ಒಬ್ಬರೇ ತುಳಿಯುವವರಿಗೆ 12 ದಿನ, ತಂಡಗಳಿಗೆ 9 ದಿನದ ಗಡುವು. ನಮ್ಮವರೂ ಇದರಲ್ಲಿ ಹೆಸರು ಮಾಡಿದ್ದಾರೆ. ನಾಶಿಕ್‌ನ ವೈದ್ಯ ಸಹೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ 2015ರಲ್ಲಿ ಇಬ್ಬರ ತಂಡವಾಗಿ ಮುಗಿಸಿದರು. ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ 2017ರಲ್ಲಿ ಒಬ್ಬರೇ ತುಳಿದು ಮುಟ್ಟಿದರು.

ತಂಡ ಅಂದರೆ ಎಂಟೂ ಜನ ಒಟ್ಟಿಗೆ ತುಳಿಯುವುದಲ್ಲ. ಇದು ರಿಲೇ. ನಾವು ನಾಲ್ಕು ನಾಲ್ಕು ಜನರ ಎರಡು ಗುಂಪು ಮಾಡಿದ್ದೆವು. ಒಂದು ಗುಂಪಿಗೆ ಆರು ಗಂಟೆ ಸರದಿ, ಆಗ ಇನ್ನೊಂದು ಗುಂಪು ದೊಡ್ಡ ಗಾಡಿಯಲ್ಲಿ ಮಲಗಿ ಮುಂದಿನ ಊರಿಗೆ ಹೋಗಿರುತ್ತದೆ. ಸರದಿಯಲ್ಲಿರುವ ನಾಲ್ವರು ಇಪ್ಪತ್ತಿಪ್ಪತ್ತು ನಿಮಿಷ ಬಿರುಸಾಗಿ ತುಳಿದು ಇಳಿಯುತ್ತಾರೆ. ಕೇಳಲು ಸುಲಭ ಅನಿಸುತ್ತದೆ, ಅಲ್ವಾ? ಆದರೆ ಮೈ ಬಿಸಿಯಾಗುವುದು, ಬೆವರು ಆರುವ ಮುಂಚೆ ವ್ಯಾನ್ ಹತ್ತುವುದು, ಗಂಟೆ ಕಳೆದು ಮತ್ತೆ ಇಳಿಯುವುದು, ಇದೇ ಆರು ದಿನ ನಡೆಯುತ್ತದೆ. ಮೂರನೇ ದಿನದ ಹೊತ್ತಿಗೆ ಎಲ್ಲರ ಕಾಲೂ ಮರದ ಹಾಗೆ ಆಗಿರುತ್ತದೆ. ರಾತ್ರಿ ಹೊತ್ತು ಸವಾರರ ಹಿಂದೆ ಒಂದು ಗಾಡಿ ಅಂಟಿಕೊಂಡೇ ಬರಬೇಕು, ಅದು ನಿಯಮ. ಅವರ ದಾರಿಗೆ ಬೆಳಕೂ ಅದೇ, ಹಿಂದಿನ ಲಾರಿಗಳಿಂದ ರಕ್ಷಣೆಯೂ ಅದೇ. ಆ ಗಾಡಿ ನನ್ನದಾಗಿತ್ತು.

ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿ ನಮ್ಮ ದೊಡ್ಡ ಚಿಂತೆ ಇನ್ಸುಲಿನ್‌ದಾಗಿತ್ತು. ಬಿಸಿಲಿಗೆ ಅದು ಕೆಡುತ್ತದೆ. ಕೆಟ್ಟದ್ದು ನೋಡಿದರೆ ಗೊತ್ತೂ ಆಗುವುದಿಲ್ಲ, ಶುಗರ್ ಸುಮ್ನೆ ಏರುತ್ತಾ ಹೋಗುತ್ತದೆ. ಹಾಗಾಗಿ ಸೀಸೆಗಳಿಗೆ ಬೇರೆಯೇ ಐಸ್ ಪೆಟ್ಟಿಗೆ ಇಟ್ಟಿದ್ದೆವು. ಐಸ್‌ಗೆ ನೇರವಾಗಿ ತಾಗಿದರೂ ಹಾಳು, ಅದಕ್ಕೆ ಬಟ್ಟೆ ಸುತ್ತಿದ್ದೆವು. ಕೊಲರಾಡೊದಲ್ಲಿ ಮೂರು ಸಾವಿರ ಮೀಟರ್ ದಾಟುವ ವುಲ್ಫ್ ಕ್ರೀಕ್ ಪಾಸ್ ಹತ್ತಿ ಇಳಿದಾಗ, ಕಷ್ಟದ್ದು ಮುಗಿಯಿತು ಅಂದುಕೊಂಡೆ.

ಆಮೇಲೆ ಬಂದದ್ದು ಕನ್ಸಾಸ್. ಅಲ್ಲಿ ಬೆಟ್ಟವಿಲ್ಲ, ತಿರುವಿಲ್ಲ, ಮರವೂ ಇಲ್ಲ. ಇರುವುದು ಅಡ್ಡಗಾಳಿ ಮಾತ್ರ. ರಾತ್ರಿ ಎರಡು ಗಂಟೆ ದಾಟಿತ್ತು. ಮುಂದೆ ತುಳಿಯುತ್ತಿದ್ದವರು ಶಾಲೆಯಲ್ಲಿ ಪಾಠ ಮಾಡುವ ಒಬ್ಬ ತಾಯಿ, ಟೈಪ್ 1 ಇರುವವರು. ಅವರ ತೋಳಿನಲ್ಲಿ ಶುಗರ್ ಅಳೆಯುವ ಸೆನ್ಸರ್‌ನ ಅಂಕಿ ನಮ್ಮ ವ್ಯಾನಿನ ಫೋನಿನಲ್ಲಿ ಕಾಣುತ್ತಿತ್ತು. 140 ಇದ್ದದ್ದು 95 ಆಯಿತು, ಪಕ್ಕದ ಬಾಣ ನೇರ ಕೆಳಗೆ ತಿರುಗಿತು, ಅಂದರೆ ಶುಗರ್ ಬೇಗ ಬೇಗ ಇಳಿಯುತ್ತಿದೆ. ತಂಗಿಯ ಫೋನಿನಲ್ಲಿ ಆ ಬಾಣ ಎಷ್ಟು ಸಲ ನೋಡಿದ್ದೇನೋ. ಸೆನ್ಸರ್ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. 95 ಅಂತ ತೋರಿಸುವಾಗ ನಿಜದ ಶುಗರ್ ಇನ್ನೂ ಕೆಳಗಿಳಿದಿರುತ್ತದೆ. ಧ್ವನಿವರ್ಧಕದಲ್ಲಿ ನಿಲ್ಲಿಸಿ ಅಂದೆ. ಅವರು ಕೈ ಎತ್ತಿ ‘ಇನ್ನೈದು ನಿಮಿಷ’ ಅಂತ ಸನ್ನೆ ಮಾಡಿದರು. ಮತ್ತೆ ಕೂಗಿದೆ. ಸೈಕಲ್ ಸ್ವಲ್ಪ ಓಲಾಡಿತು, ನಿಂತಿತು.

ರಸ್ತೆ ಬದಿಯಲ್ಲಿ ಕೂರಿಸಿ ಗ್ಲೂಕೋಸ್ ಮಾತ್ರೆ ಕೊಟ್ಟೆವು. ಒಂದರಲ್ಲಿ 4 ಗ್ರಾಂ ಸಕ್ಕರೆ, ನಾಲ್ಕು ತಿಂದರು. ಹದಿನೈದು ನಿಮಿಷ ಕಾಯಬೇಕು, ಮತ್ತೆ ನೋಡಬೇಕು. ಸರದಿಯ ಉಳಿದ ಸವಾರರನ್ನು ಕೂರಿಸಿಕೊಂಡು ಮುಂದೆ ಹೋಗಿದ್ದ ವ್ಯಾನಿಗೆ ಫೋನ್ ಸಿಗಲಿಲ್ಲ. ಆ ಗಾಳಿಯಲ್ಲಿ ಅವರ ಕೈ ನಡುಗುತ್ತಿತ್ತು, ನಾನು ಹಿಡಿದುಕೊಂಡು ಕೂತಿದ್ದೆ. ‘ನನ್ನ ಮಗಳಿಗೂ ಇದೆ’ ಅಂದರು. ಅಷ್ಟು ದಿನ ಅದನ್ನು ಯಾರಿಗೂ ಹೇಳಿರಲಿಲ್ಲ. ಮುಂದಿನ ವ್ಯಾನ್ ವಾಪಸ್ ಬಂದು ಇನ್ನೊಬ್ಬರು ಹೊರಡುವ ಹೊತ್ತಿಗೆ ಅರ್ಧ ಗಂಟೆ ಹೋಗಿತ್ತು. ಆ ಅರ್ಧ ಗಂಟೆಯ ಬಗ್ಗೆ ತಂಡದಲ್ಲಿ ಒಬ್ಬರೂ ಒಂದು ಮಾತು ಆಡಲಿಲ್ಲ.

ಈಗ ದುಡ್ಡಿನ ವಿಷಯ. ಖರ್ಚನ್ನೇ ದಾನ ಕೊಡಿ ಅನ್ನುವ ಲೆಕ್ಕ ತಪ್ಪುವುದು ಎಲ್ಲಿ ಅಂದರೆ, ಆ ಖರ್ಚು ಮಾಡುವವರು ಎಂಟು ಜನ, ದಾನ ಕೊಡುವವರು ನೂರಾರು ಜನ. ಸುಮ್ನೆ ಹೋಗಿ ‘ಸಂಶೋಧನೆಗೆ ಕೊಡಿ’ ಅಂದರೆ ಜನ ಒಂದು ಸಲ ಕೊಡುತ್ತಾರೆ, ಅಥವಾ ಆಮೇಲೆ ನೋಡೋಣ ಅನ್ನುತ್ತಾರೆ. ನಮ್ಮ ಪಕ್ಕದ ಮೇಜಿನವರು, ನಮ್ಮ ಮಗಳ ಟೀಚರು ಮೂರು ಸಾವಿರ ಮೈಲಿ ತುಳಿಯುತ್ತಿದ್ದಾರೆ ಅಂದರೆ ಮೈಲಿಗೆ ಇಷ್ಟು ಅಂತ ಬರೆಸುತ್ತಾರೆ. ರಾತ್ರಿ ಎದ್ದು ಎಲ್ಲಿದ್ದಾರೆ ಅಂತ ನಕ್ಷೆ ನೋಡುತ್ತಾರೆ. ಅಮೆರಿಕದ ಎಷ್ಟೋ ಕಂಪನಿಗಳು ನೌಕರರು ಕೊಟ್ಟಷ್ಟೇ ಮೊತ್ತವನ್ನು ತಾವೂ ಸೇರಿಸುತ್ತವೆ. ಕನ್ಸಾಸ್‌ನ ಆ ರಾತ್ರಿಯ ಸುದ್ದಿ ತಿಳಿದ ಮೇಲೆ ನಮಗೆ ಬಂದಷ್ಟು ದಾನ ಬೇರೆ ಯಾವ ದಿನವೂ ಬರಲಿಲ್ಲ.

ಆದರೆ ನಿಮ್ಮ ಅನುಮಾನ ಸರಿಯಾದದ್ದೇ. ಗೆಳೆಯರನ್ನು ಒಂದು ಮಾತು ನೇರವಾಗಿ ಕೇಳಿ: ಪೆಟ್ರೋಲು, ಗಾಡಿ ಬಾಡಿಗೆ, ಪ್ರವೇಶ ಶುಲ್ಕ ಯಾರ ದುಡ್ಡಿನಿಂದ? ನಮ್ಮ ತಂಡದಲ್ಲಿ ಅದೆಲ್ಲ ಸವಾರರ ಕೈಯಿಂದ ಮತ್ತು ಪ್ರಾಯೋಜಕರಿಂದ ಬಂತು. ದಾನದ ಪುಟ ಮಾತ್ರ ಸಂಶೋಧನಾ ಸಂಸ್ಥೆಯದ್ದೇ, ಒಂದು ಡಾಲರೂ ತಂಡದ ಖಾತೆಗೆ ಬರಲಿಲ್ಲ. ಎರಡೂ ಒಂದೇ ಖಾತೆಯಲ್ಲಿ ಕಲೆತಿದ್ದರೆ ನಾನು ದುಡ್ಡು ಕೊಡುವುದಿಲ್ಲ, ನೀವೂ ಕೊಡಬೇಡಿ. ದುಡ್ಡು ಪಡೆಯುವ ಸಂಸ್ಥೆ ಪ್ರತಿ ವರ್ಷ ಅಮೆರಿಕದ ತೆರಿಗೆ ಇಲಾಖೆಗೆ ಸಲ್ಲಿಸುವ ‘ಫಾರ್ಮ್ 990’ ಯಾರು ಬೇಕಾದರೂ ನೋಡಬಹುದು. ಸಂಶೋಧನೆಗೆ ಎಷ್ಟು, ಆಡಳಿತಕ್ಕೆ ಎಷ್ಟು ಹೋಯಿತು ಅಂತ ಅದರಲ್ಲಿರುತ್ತದೆ.

ಇಷ್ಟು ಸಣ್ಣ ದುಡ್ಡಿನಿಂದ ಏನಾಗುತ್ತದೆ ಅಂತ ನೀವು ಕೇಳಬಹುದು. ಸರ್ಕಾರದ ದೊಡ್ಡ ಅನುದಾನ ಸಿಗಬೇಕಾದರೆ ವಿಜ್ಞಾನಿಗಳು ಮೊದಲು ಒಂದಿಷ್ಟು ಫಲಿತಾಂಶ ತೋರಿಸಬೇಕು. ಆ ಮೊದಲ ಪ್ರಯೋಗಕ್ಕೆ ದುಡ್ಡು ಸಿಗುವುದೇ ಕಷ್ಟ. ದಾನದ ದುಡ್ಡು ಜಾಸ್ತಿ ಕೆಲಸಕ್ಕೆ ಬರುವುದು ಅಲ್ಲೇ. ದಾನದಿಂದ ನಡೆಯುವ ಟೈಪ್ 1 ಸಂಶೋಧನಾ ಸಂಸ್ಥೆ ಜೆಡಿಆರ್‌ಎಫ್ (2024ರಿಂದ ಅದರ ಹೆಸರು ‘ಬ್ರೇಕ್‌ಥ್ರೂ ಟಿ1ಡಿ’), ಸೆನ್ಸರ್ ಮತ್ತು ಮೈಗೆ ಇನ್ಸುಲಿನ್ ಬಿಡುವ ಪಂಪ್ ತಾವೇ ಮಾತಾಡಿಕೊಂಡು ಇನ್ಸುಲಿನ್ ಹೊಂದಿಸುವ ಯಂತ್ರದ ಸಂಶೋಧನೆಗೆ ವರ್ಷಗಟ್ಟಲೆ ದುಡ್ಡು ಹಾಕಿತು. ಅಂಥ ಮೊದಲ ಪಂಪ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಈಗ ಅಂಥದ್ದೇ ಒಂದು ನನ್ನ ತಂಗಿಯ ಸೊಂಟದಲ್ಲಿದೆ. ರಾತ್ರಿ ಮೂರು ಗಂಟೆಗೆ ಅಲಾರಂ ಇಟ್ಟು ಅವಳ ಬೆರಳು ಚುಚ್ಚುತ್ತಿದ್ದ ಅಮ್ಮ ಈಗ ಬೆಳಗಿನವರೆಗೆ ನಿದ್ದೆ ಮಾಡುತ್ತಾರೆ. ಇನ್ನು 2022ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಟೆಪ್ಲಿಜುಮಾಬ್ ಔಷಧಿ, ಕಾಯಿಲೆ ಪೂರ್ತಿ ಕಾಣಿಸಿಕೊಳ್ಳುವ ಮೊದಲೇ ಕೊಟ್ಟರೆ ಅದನ್ನು ಸುಮಾರು ಎರಡು ವರ್ಷ ಮುಂದೂಡುತ್ತದೆ. ಎರಡು ವರ್ಷ ಅಂದರೆ ಕಡಿಮೆ ಅನಿಸಬಹುದು. ಹನ್ನೊಂದರ ಹುಡುಗಿಯ ತಾಯಿಯನ್ನು ಕೇಳಿ ನೋಡಿ.

ಇನ್ನೊಂದು ಕಾರಣ ದುಡ್ಡಿಗಿಂತ ದೊಡ್ಡದು ಅಂತ ನನಗನಿಸುತ್ತದೆ. 2007ರಲ್ಲಿ ‘ಟೀಮ್ ಟೈಪ್ 1’ ಅನ್ನುವ ಎಂಟು ಜನರ ತಂಡ ಇದೇ ರೇಸಿನ ತಮ್ಮ ವಿಭಾಗದಲ್ಲಿ ಗೆದ್ದಿತು. ಎಂಟೂ ಜನರಿಗೆ ಟೈಪ್ 1. ‘ನೀನು ಆಟಕ್ಕೆ ಹೋಗಬೇಡಮ್ಮ’ ಅಂತ ಎಲ್ಲರಿಂದ ಕೇಳಿಸಿಕೊಂಡು ಬೆಳೆದ ನನ್ನ ತಂಗಿಗೆ ಆ ಸುದ್ದಿ ತೋರಿಸಿದ ದಿನ ಅವಳು ಸೈಕಲ್ ಕೊಡಿಸು ಅಂದಳು.

ಹಾಗಾದರೆ ನೀವು ಹೋಗಬೇಕಾ? ಲೆಕ್ಕ ಚೊಕ್ಕವಾಗಿದ್ದರೆ ಖಂಡಿತ ಹೋಗಿ. ಸೈಕಲ್ ರಿಪೇರಿ ಬರಬೇಕು ಅಂತೇನಿಲ್ಲ. ಅಡುಗೆ ಮಾಡುವವರು, ನಕ್ಷೆ ನೋಡುವವರು, ಬಟ್ಟೆ ಒಗೆದು ಒಣಗಿಸುವವರು ಎಲ್ಲರೂ ಬೇಕು. ಸವಾರರಲ್ಲಿ ಯಾರಿಗಾದರೂ ಡಯಾಬಿಟಿಸ್ ಇದ್ದರೆ ಹೊರಡುವ ಮುಂಚೆಯೇ ಅವರ ಹತ್ತಿರ ಕೂತು, ಶುಗರ್ ಇಳಿದಾಗ ಅವರು ಹೇಗೆ ಕಾಣುತ್ತಾರೆ, ಹೇಗೆ ಮಾತಾಡುತ್ತಾರೆ ಅಂತ ಕೇಳಿ ತಿಳಿದುಕೊಳ್ಳಿ. ಒಬ್ಬೊಬ್ಬರದು ಒಂದೊಂದು ಥರ. ತುಳಿದು ಮಲಗಿದ ಎಷ್ಟೋ ಗಂಟೆಗಳ ಮೇಲೂ ಶುಗರ್ ಇಳಿಯುತ್ತದೆ, ಹಾಗಾಗಿ ಮಲಗುವ ಗಾಡಿಯಲ್ಲೂ ಒಬ್ಬರು ಎಚ್ಚರ ಇರಬೇಕು. ಎಲ್ಲ ತಂಡಗಳಿಗೂ ಕಡಿಮೆ ಬೀಳುವುದು ರಾತ್ರಿ ಗಾಡಿ ಓಡಿಸುವವರೇ. ನಿಮಗೆ ಡ್ರೈವಿಂಗ್ ಬರುತ್ತದೆ, ರಾತ್ರಿ ನಿದ್ದೆ ತಡೆಯಬಲ್ಲೆ ಅಂತಿದ್ದರೆ ಗೆಳೆಯರಿಗೆ ಮೊದಲು ಅದನ್ನೇ ಹೇಳಿ.