ಓದುಗರ ಪ್ರಶ್ನೆ: ಅಜ್ಜಿ ಕಾಲದ ಕೋಲ್ಡ್ ಕ್ರೀಮು, ಪೌಡರು ಮನೆಯಲ್ಲೇ ಮಾಡ್ಲಿಕ್ಕೆ ಎಂತೆಲ್ಲ ಬೇಕು?

ಪ್ರ: ಹಳೇ ಕಾಲದ ದಪ್ಪ ಕೋಲ್ಡ್ ಕ್ರೀಮ್ ಮನೆಯಲ್ಲೇ ಮಾಡ್ಬೇಕು ಅಂತ ಆಸೆ. ತೋಟದಲ್ಲಿ ಜೇನುಪೆಟ್ಟಿಗೆ ಉಂಟು, ತೆಂಗಿನೆಣ್ಣೆಗೂ ಬರ ಇಲ್ಲ. ಬೇರೆ ಎಂತ ತರ್ಬೇಕು?
(ಓದುಗರು, ಪೆರ್ಲ)

ಉ: ಪೆಟ್ಟಿಗೆ ಉಂಟು ಅಂದ್ರೆ ಅರ್ಧ ಕೆಲಸ ಆದ ಹಾಗೆ, ಯಾಕಂದ್ರೆ ಈ ಕ್ರೀಮಿನ ಜೀವ ಇರೋದೇ ಮೇಣದಲ್ಲಿ. ಇನ್ನು ರೋಸ್ ವಾಟರ್ ಮತ್ತೆ ಸ್ವಲ್ಪ ಬಿಳಿಗಾರ (ಬೋರಾಕ್ಸ್) ತಂದ್ರೆ ಮುಗೀತು. ರೋಮಿನ ವೈದ್ಯ ಗ್ಯಾಲೆನ್ 2ನೇ ಶತಮಾನದಲ್ಲೇ ಮೇಣ, ಆಲಿವ್ ಎಣ್ಣೆ, ಗುಲಾಬಿ ನೀರು ಕಲಸಿ ಮಾಡಿದ್ದು ಇದನ್ನೇ, ಆದ್ರೆ ಅದ್ರಲ್ಲಿ ನೀರು ಬೇಗ ಬಿಟ್ಟುಕೊಳ್ತಿತ್ತು. ಬಿಳಿಗಾರ ಸೇರಿದ್ದು ಎಷ್ಟೋ ಕಾಲದ ನಂತರ, ಅದು ಮೇಣದಲ್ಲಿರೋ ಆಮ್ಲದ ಜೊತೆ ಸೇರಿ ಒಂದು ತರ ಸೋಪು ಆಗ್ತದೆ, ಆ ಸೋಪೇ ಎಣ್ಣೆ ನೀರು ಎರಡನ್ನೂ ಬಿಡದೆ ಹಿಡ್ಕೊಳ್ಳೋದು.

ಮೇಣಕ್ಕೆ ತುಡುವೆಯ (ಪೆಟ್ಟಿಗೆಯಲ್ಲಿ ಸಾಕೋ ಜೇನಿನ) ಹಳೇ ಎರಿ, ಅಂದ್ರೆ ಗೂಡಿನ ಹಲ್ಲೆ ತಗೊಳ್ಳಿ. ಮೊಜಂಟಿಯದ್ದು (ಮುಳ್ಳಿಲ್ಲದ ಸಣ್ಣ ಜೇನಿನದ್ದು) ಬೇಡ, ಅದ್ರಲ್ಲಿ ಮರದ ಅಂಟು ಸೇರಿರ್ತದೆ, ಕಪ್ಪಾಗಿ ಅಂಟಂಟಾಗ್ತದೆ. ಎರಿಯನ್ನ ತೆಳು ಬಟ್ಟೆಯಲ್ಲಿ ಕಟ್ಟಿ ಬಿಸಿನೀರಲ್ಲಿ ಅದ್ದಿಟ್ರೆ ಮೇಣ ಕರಗಿ ಮೇಲೆ ತೇಲ್ತದೆ, ತಣ್ದ ಮೇಲೆ ಬಿಲ್ಲೆ ಎತ್ತಿ ಅಡಿಯ ಕೊಳೆ ಕೆರೆದ್ರಾಯ್ತು.

ಲೆಕ್ಕ ಹೀಗೆ: ಮೇಣ 16 ಗ್ರಾಂ, ಎಣ್ಣೆ 50 ಗ್ರಾಂ, ರೋಸ್ ವಾಟರ್ 33 ಗ್ರಾಂ, ಬಿಳಿಗಾರ 1 ಗ್ರಾಂಗಿಂತ ತುಸು ಕಡಿಮೆ. ಚಮಚದ ಅಳತೆ ಇಲ್ಲಿ ಬೇಡವೇ ಬೇಡ, ಸಣ್ಣ ಡಿಜಿಟಲ್ ತಕ್ಕಡಿ ತಗೊಳ್ಳಿ. ಬರೀ ತೆಂಗಿನೆಣ್ಣೆ ಹಾಕಿದ್ರೆ ಡಿಸೆಂಬರ್ ಚಳಿಗೆ ಕ್ರೀಮ್ ಕಲ್ಲಾಗ್ತದೆ, ಯಾಕಂದ್ರೆ ಅದು 24 ಡಿಗ್ರಿ ಆಸುಪಾಸಲ್ಲೇ ಹೆಪ್ಪುಗಟ್ಟೋ ಎಣ್ಣೆ, ಹಾಗಾಗಿ ಅರ್ಧ ಬಾದಾಮಿ ಎಣ್ಣೆಯೋ ಎಳ್ಳೆಣ್ಣೆಯೋ ಸೇರಿಸಿ. ಮೇಣ ಕರಗೋದು 62ರಿಂದ 64 ಡಿಗ್ರಿಗೆ, ನೇರ ಬೆಂಕಿಗಿಡ್ಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಎಣ್ಣೆ ಜೊತೆ ಕರಗಿಸಿ, ಸುಮಾರು 70 ಡಿಗ್ರಿಗೆ ಬರ್ಲಿ. ಇನ್ನೊಂದ್ರಲ್ಲಿ ಬಿಳಿಗಾರ ಕರಗಿಸಿದ ರೋಸ್ ವಾಟರ್ ಕೂಡ ಅಷ್ಟೇ ಬಿಸಿ ಇರ್ಬೇಕು, ತಣ್ಣಗಿದ್ರೆ ಮೇಣ ರವೆರವೆಯಾಗಿ ಬಿಡ್ತದೆ. ನೀರನ್ನ ಸಣ್ಣ ಧಾರೆಯಾಗಿ ಎಣ್ಣೆಗೆ ಹೊಯ್ಯುತ್ತಾ ತಿರುಗಿಸ್ತಾ ಇರಿ, ಹೊನ್ನಿನ ಬಣ್ಣದಲ್ಲಿ ತಿಳಿಯಾಗಿದ್ದದ್ದು ನೋಡ್ತಾ ನೋಡ್ತಾ ಹಾಲಿನ ಹಾಗೆ ಬೆಳ್ಳಗಾಗಿ, ಸೌಟಿಗೆ ಭಾರ ಆಗ್ತಾ ಬರ್ತದೆ. ಪೂರ್ತಿ ತಣಿಯೋ ತನಕ ಕೈ ಬಿಡ್ಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ. ಬಿಳಿಗಾರ ಇರೋ ಕ್ರೀಮ್ ಮಕ್ಕಳಿಗೆ, ಗರ್ಭಿಣಿಯರಿಗೆ, ಗಾಯ ಇರೋ ಚರ್ಮಕ್ಕೆ ಬೇಡ. ನೀರು ಸೇರಿದ ಯಾವ ಕ್ರೀಮೂ ನಮ್ಮ ಮಳೆಗಾಲದಲ್ಲಿ ಬೇಗ ಬೂಸ್ಟು ಹಿಡೀತದೆ, ವಿಟಮಿನ್ ಇ ಕ್ಯಾಪ್ಸೂಲ್ ಒಡ್ದು ಹಾಕಿದ್ರೆ ಎಣ್ಣೆ ಕಮಟೋದು ತಡ ಆಗ್ತದೆ ಅಷ್ಟೇ, ಬೂಸ್ಟು ನಿಲ್ಲೋದಿಲ್ಲ. ಸ್ವಲ್ಪ ಸ್ವಲ್ಪ ಮಾಡಿ, ಫ್ರಿಜ್ಜಲ್ಲಿಡಿ, ಒಂದೆರಡು ವಾರದಲ್ಲಿ ಮುಗಿಸಿ. ವಾಸನೆ ಬದಲಾದ್ರೆ ಯೋಚನೆ ಮಾಡದೆ ಬಿಸಾಡಿ.

ಪ್ರ: ತುಟಿಗೆ ಹಚ್ಚೋ ಕೆಂಪು ಬಾಮಿಗೆ ಬೀಟ್ರೂಟ್ ರಸ ಹಾಕಿದೆ, ರಸ ಎಲ್ಲ ಅಡಿಯಲ್ಲಿ ನಿಂತಿತು. ಯಾಕೆ?
(ಓದುಗರು, ಬದಿಯಡ್ಕ)

ಉ: ಬೀಟ್ರೂಟ್ ಬಣ್ಣ ನೀರಲ್ಲಿ ಕರಗೋದು, ಎಣ್ಣೆಗೆ ಇಳಿಯೋದಿಲ್ಲ. ಆಯುರ್ವೇದದ ಅಂಗಡಿಯಲ್ಲಿ ರತನ್‌ಜೋತ್ ಬೇರು ಕೇಳಿ, ಅದನ್ನ ಬೆಚ್ಚಗಿನ ಎಣ್ಣೆಯಲ್ಲಿ ನೆನೆಸಿದ್ರೆ ಒಳ್ಳೆ ಕೆಂಪು ಬಿಡ್ತದೆ. ಸೋಸಿ, ಒಂದು ಪಾಲು ಮೇಣಕ್ಕೆ ಮೂರು ನಾಲ್ಕು ಪಾಲು ಎಣ್ಣೆ, ಎಣ್ಣೆಯಲ್ಲಿ ಸ್ವಲ್ಪ ಹರಳೆಣ್ಣೆ ಇದ್ರೆ ಹೊಳಪು. ತಣ್ಣಗಿನ ಚಮಚದ ಮೇಲೆ ಒಂದು ಹನಿ ಬಿಟ್ಟು ನೋಡಿ, ಗಟ್ಟಿಯಾದ್ರೆ ಎಣ್ಣೆ, ಮೆತ್ತಗಾದ್ರೆ ಮೇಣ ಸೇರಿಸಿ. ನೀರೇ ಇಲ್ಲದ್ದರಿಂದ ತಿಂಗಳುಗಟ್ಟಲೆ ಇರ್ತದೆ. ಮೊದಲ ಸಲ ಮಾಡೋರಿಗೆ ನಾನು ಇದನ್ನೇ ಹೇಳೋದು, ಕ್ರೀಮ್ ಆಮೇಲೆ.

ಪ್ರ: ಮುಖಕ್ಕೆ ಹಚ್ಚೋ ಬಿಳಿ ಕ್ರೀಮು, ಸ್ನೋ, ಅದನ್ನೂ ಹೀಗೇ ಮಾಡ್ಬಹುದಾ?
(ಓದುಗರು, ಮುಳ್ಳೇರಿಯ)

ಉ: 1919ರಲ್ಲಿ ಬೊಂಬಾಯಿಯಲ್ಲಿ ಶುರುವಾದ ಅಫ್ಘಾನ್ ಸ್ನೋ ಹೆಸರು ಹಿರಿಯರ ಬಾಯಲ್ಲಿ ಈಗ್ಲೂ ಕೇಳ್ತೇವೆ. ಸ್ನೋ ಅನ್ನೋದ್ರಲ್ಲಿ ಸಾಮಾನ್ಯವಾಗಿ ಸ್ಟಿಯರಿಕ್ ಆ್ಯಸಿಡ್, ಗ್ಲಿಸರಿನ್, ನೀರು, ಮತ್ತೆ ಪೊಟಾಷ್ ಕ್ಷಾರ ಇರ್ತದೆ. ಆ ಕ್ಷಾರ ಕೈ ಸುಡ್ತದೆ, ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗ್ಬಹುದು. ಅಡಿಗೆಮನೆಯಲ್ಲಿ ಬೇಡ.

ಪ್ರ: ಮಗುವಿಗೆ ಮನೆಯ ಕಾಡಿಗೆ ಒಳ್ಳೇದಲ್ವಾ? ಗರುಗದ (ಭೃಂಗರಾಜದ) ರಸದಲ್ಲಿ ನೆನೆಸಿದ ಬತ್ತಿ, ಹರಳೆಣ್ಣೆ ದೀಪ, ಮೇಲೆ ತಾಮ್ರದ ತಟ್ಟೆ ಕವುಚಿ ಮಾಡ್ತೇವೆ.
(ಓದುಗರು, ಕುಂಬಳೆ)

ಉ: ಕ್ರಮ ಸರಿಯೇ, ದೊಡ್ಡವರು ಹುಬ್ಬಿಗೆ ಹಚ್ಚಲಿ. ಮಗುವಿನ ಕಣ್ಣೊಳಗೆ ಬೇಡ, ದಯವಿಟ್ಟು. ಮಸಿಯ ಕಣವೂ ಹಚ್ಚೋ ಬೆರಳೂ ಕಣ್ಣಿಗೆ ಸೋಂಕು ತರ್ತದೆ. ದೃಷ್ಟಿಬೊಟ್ಟು ಕೆನ್ನೆಗೋ ಅಂಗಾಲಿಗೋ ಇಡಿ. ಪೇಟೆಯಲ್ಲಿ ಸಿಗೋ ಸುರ್ಮಾ ಇನ್ನೂ ಅಪಾಯ, ಎಷ್ಟೋ ಸುರ್ಮಾದಲ್ಲಿ ಇರೋದು ಸೀಸದ ಅದಿರು.

ಪ್ರ: ಟಾಲ್ಕ್ ಇಲ್ಲದ ಮುಖದ ಪೌಡರಿಗೆ ಎಂತ ಹಾಕೋದು?
(ಓದುಗರು, ಮಂಜೇಶ್ವರ)

ಉ: ನಮ್ಮಲ್ಲಿ ಮಕ್ಕಳಿಗೆ ಕಾಸಿ ಕೊಡೋ ಕೂವೆ ಹುಡಿಯೇ (ಆರಾರೂಟ್ ಪುಡಿ) ಸಾಕು, ಎಷ್ಟು ನುಣುಪು ಅಂದ್ರೆ ಬೆರಳ ನಡುವೆ ತಿಕ್ಕಿದ್ರೆ ಕಿರಕ್ ಅಂತ ಸಣ್ಣ ಸದ್ದು ಬರ್ತದೆ. ಹತ್ತು ಪಾಲಿಗೆ ಒಂದು ಪಾಲು ಔಷಧಿ ದರ್ಜೆಯ ಜಿಂಕ್ ಆಕ್ಸೈಡ್ ಸೇರಿಸಿದ್ರೆ ಮುಖಕ್ಕೆ ಚೆನ್ನಾಗಿ ಹಿಡೀತದೆ, ಕಲಸುವಾಗ ಮಾಸ್ಕ್ ಹಾಕ್ಕೊಳ್ಳಿ, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡೀರಿ. ಬಣ್ಣಕ್ಕೆ ಕಸ್ತೂರಿ ಅರಿಶಿನ ಹಾಕೋದಾದ್ರೆ ಗಮನ ಇಟ್ಟು ತಗೊಳ್ಳಿ, ಕೇರಳದ ಅಂಗಡಿಗಳಲ್ಲಿ ಆ ಹೆಸರಲ್ಲಿ ಮಂಞಕ್ಕೂವ ಅನ್ನೋ ಬೇರೆ ಗೆಡ್ಡೆಯ ಹುಡಿ ಧಾರಾಳ ಮಾರ್ತಾರೆ. ಅದು ಗಾಢ ಹಳದಿ. ನಿಜವಾದದ್ದು ತೆಳು ಕೆನೆ ಬಣ್ಣ, ಮೂಗಿಗೆ ಹಿಡಿದ್ರೆ ಕರ್ಪೂರದ ಪರಿಮಳ, ಚರ್ಮಕ್ಕೆ ಹಳದಿ ಹತ್ತೋದಿಲ್ಲ. ಹುಡಿ ತರೋ ಬದಲು ಗೆಡ್ಡೆಯನ್ನೇ ತಂದು ಮುರಿದು ನೋಡಿ, ಸರಿ ಅನ್ನಿಸಿದ್ರೆ ಒಂದು ತುಂಡನ್ನ ಹಿತ್ತಿಲಲ್ಲಿ ನೆಡಿ.