ಕಿಟಕಿಯಿಲ್ಲದ ಕ್ಯಾಬಿನ್ ಯಾರಿಗೆ ಒಗ್ಗುತ್ತದೆ?

ಪ್ರಶ್ನೆ: ನಾವು ಧಾರವಾಡದವರು. ಬರುವ ಡಿಸೆಂಬರಿನಲ್ಲಿ ಮುಂಬೈಯಿಂದ ಲಕ್ಷದ್ವೀಪಕ್ಕೆ ‘ಎಂಪ್ರೆಸ್’ ಹಡಗಿನಲ್ಲಿ ಕುಟುಂಬ ಸಮೇತ ಹೋಗಿಬರಬೇಕೆಂದಿದ್ದೇವೆ. ತಂದೆಗೆ 72 ವರ್ಷ, ತಾಯಿಗೆ 66. ಜೊತೆಗೆ ನಾನು, ನನ್ನ ಪತ್ನಿ ಮತ್ತು 9 ವರ್ಷದ ಮಗಳು. ಮಲಗುವುದಕ್ಕಷ್ಟೇ ಬೇಕಾದ ಕೋಣೆಗೆ ಹೆಚ್ಚು ದುಡ್ಡು ಏಕೆ, ಎರಡೂ ಕಿಟಕಿಯಿಲ್ಲದ ಇನ್‌ಸೈಡ್ (ಒಳಗಿನ) ಕ್ಯಾಬಿನ್ ತೆಗೆದುಕೊಳ್ಳಿ, ‘ಗ್ಯಾರಂಟಿ’ ದರದಲ್ಲಿ ಇನ್ನೂ ಅಗ್ಗವಾಗುತ್ತದೆ ಎಂದು ಏಜೆಂಟರು ಹೇಳುತ್ತಿದ್ದಾರೆ. ಆದರೆ ತಾಯಿಯವರಿಗೆ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿದಂತಾಗುತ್ತದೆ. ತಂದೆಯವರು ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಕಿಟಕಿಯಿಲ್ಲದ ಕೋಣೆಯಲ್ಲಿ ಗಾಳಿ ಸಾಕಾಗುತ್ತದೆಯೇ, ಅವಘಡವಾದರೆ ಹೊರಗೆ ಬರುವುದು ಕಷ್ಟವೇ ಎಂಬ ಆತಂಕವೂ ಇದೆ. ದಯವಿಟ್ಟು ತಿಳಿಸಿ.

ಉತ್ತರ: ಏಜೆಂಟರ ಮಾತು ನಿಮಗೆ, ನಿಮ್ಮ ಪತ್ನಿಗೆ ಮತ್ತು ಮಗಳಿಗೆ ಸರಿಯಾಗಿ ಅನ್ವಯಿಸುತ್ತದೆ, ನಿಮ್ಮ ತಂದೆ ತಾಯಿಗೆ ಅನ್ವಯಿಸುವುದಿಲ್ಲ. ಕ್ಯಾಬಿನ್ ಆರಿಸುವ ಮೊದಲು ಅದರೊಳಗೆ ಯಾರು ಎಷ್ಟು ಹೊತ್ತು ಎಚ್ಚರವಾಗಿ ಇರುತ್ತಾರೆ ಎಂದು ಲೆಕ್ಕ ಹಾಕಬೇಕು. ಬೆಳಗಿನ ತಿಂಡಿಯಿಂದ ರಾತ್ರಿಯ ನಾಟ್ಯ ಸಂಗೀತದವರೆಗೂ ಹೊರಗೇ ಇರುವ ಕುಟುಂಬಕ್ಕೆ ಕಿಟಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಧ್ಯಾಹ್ನ ಊಟದ ನಂತರ ಒಂದಷ್ಟು ಹೊತ್ತು ಒರಗುವ, ನಸುಕಿನಲ್ಲೇ ಎಚ್ಚರಗೊಂಡು ಉಳಿದವರು ಏಳುವುದನ್ನು ಕಾಯುತ್ತ ಕೂರುವ ಹಿರಿಯರಿಗೆ ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಯದ ಕೋಣೆ ಬೇಗ ಬೇಸರ ತರಿಸುತ್ತದೆ.

ನೀವು ಹೇಳಿದ ಹಡಗಿನ ವಿಷಯದಲ್ಲಿ ಒಂದು ಮಾತು ಮುಖ್ಯ. ಇದು 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಸೇವೆಗಿಳಿದು, 2021ರಲ್ಲಿ ಕಾರ್ಡೇಲಿಯಾ ಕಂಪನಿಯ ಕೈಗೆ ಬಂದ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಇರುವ ಕೋಣೆಗಳು ಕಡಿಮೆ. ಆದ್ದರಿಂದ ಸಾಮಾನ್ಯ ಪ್ರಯಾಣಿಕರ ಮುಂದಿರುವ ಆಯ್ಕೆ ಒಳಗಿನ ಕ್ಯಾಬಿನ್ ಅಥವಾ ಸಮುದ್ರದ ಕಡೆಗೆ ಕಿಟಕಿ ಇರುವ ಕ್ಯಾಬಿನ್. ಆ ಕಿಟಕಿಯನ್ನು ತೆರೆಯಲಾಗುವುದಿಲ್ಲ, ಅದು ಭದ್ರವಾಗಿ ಕೂರಿಸಿದ ದಪ್ಪ ಗಾಜು. ಹೆಚ್ಚು ಹಣ ಕೊಟ್ಟು ನೀವು ಪಡೆಯುವುದು ಬೆಳಕು ಮತ್ತು ನೋಟ, ಗಾಳಿಯಲ್ಲ. ಎರಡೂ ಬಗೆಯ ಕೋಣೆಗಳಿಗೆ ಗಾಳಿ ಬರುವುದು ಹವಾನಿಯಂತ್ರಣದ ಕೊಳವೆಗಳಿಂದಲೇ. ಹೀಗಾಗಿ ಗಾಳಿ ಸಾಲದೆಂಬ ಆತಂಕವನ್ನು ಬಿಟ್ಟುಬಿಡಬಹುದು. ಆದರೆ ನಿಮ್ಮ ತಾಯಿಯವರ ತೊಂದರೆ ಗಾಳಿಯ ಕೊರತೆಯಿಂದ ಬರುವುದಲ್ಲ, ಸುತ್ತಲೂ ಗೋಡೆ ಇದೆಯೆಂಬ ಭಾವನೆಯಿಂದ ಬರುವುದು. ಅದಕ್ಕೆ ಗಾಜಿನಾಚೆ ಕಾಣುವ ನೀರು, ಆಕಾಶಗಳೇ ಪರಿಹಾರ. ಇಲ್ಲಿ ಉಳಿತಾಯ ನೋಡಬೇಡಿ.

ತಂದೆಯವರ ವಿಷಯ ಇನ್ನೂ ಸೂಕ್ಷ್ಮ. ದೀಪ ಆರಿಸಿದೊಡನೆ ಒಳಗಿನ ಕ್ಯಾಬಿನ್‌ನಲ್ಲಿ ಆವರಿಸುವ ಕತ್ತಲೆ ನಮ್ಮ ಮನೆಗಳ ಮಲಗುವ ಕೋಣೆಯ ಕತ್ತಲೆಯಂಥದ್ದಲ್ಲ. ಬೀದಿ ದೀಪದ ಒಂದು ಗೆರೆಯಾಗಲಿ, ಬೆಳದಿಂಗಳ ಮಸುಕಾಗಲಿ ಇರುವುದಿಲ್ಲ. ಕಣ್ಣು ಎಷ್ಟು ಹೊತ್ತಾದರೂ ಹೊಂದಿಕೊಳ್ಳುವುದಿಲ್ಲ. ಹಡಗಿನ ಬಚ್ಚಲಿನ ಬಾಗಿಲಿಗೆ ನೀರು ಹೊರಗೆ ಹರಿಯದಿರಲೆಂದು ಎತ್ತರದ ಹೊಸ್ತಿಲು ಇಟ್ಟಿರುತ್ತಾರೆ. ನಿದ್ದೆಗಣ್ಣಿನಲ್ಲಿ ಎದ್ದು, ಹಡಗು ಸ್ವಲ್ಪ ವಾಲುತ್ತಿರುವಾಗ, ಮಂಚದ ಅಂಚು ಹಿಡಿದು ಎರಡು ಹೆಜ್ಜೆ ಇಟ್ಟೊಡನೆ ಕಾಲ್ಬೆರಳು ತಾಗುವುದು ಆ ಹೊಸ್ತಿಲಿಗೆ. ವಯಸ್ಸಾದವರು ಹಡಗಿನಲ್ಲಿ ಎಡವಿ ಬೀಳಬಹುದಾದ ಜಾಗಗಳಲ್ಲಿ ನನಗೆ ಹೆಚ್ಚು ಭಯ ಇದರದೇ. ಕಿಟಕಿಯ ಕ್ಯಾಬಿನ್ ತೆಗೆದುಕೊಂಡರೂ ಬ್ಯಾಟರಿಯಿಂದ ನಡೆಯುವ ಪುಟ್ಟ ರಾತ್ರಿದೀಪವೊಂದನ್ನು ಒಯ್ದು, ಬಚ್ಚಲ ಬಾಗಿಲ ಬಳಿ ಇಡಿ. ಕ್ಯಾಬಿನ್ ಗೋಡೆಗಳು ಸಾಮಾನ್ಯವಾಗಿ ಉಕ್ಕಿನ ಹಾಳೆಗಳಾದ್ದರಿಂದ ಅಯಸ್ಕಾಂತವಿರುವ ದೀಪವನ್ನು ನೇರವಾಗಿ ಗೋಡೆಗೇ ಅಂಟಿಸಬಹುದು.

ಹಾಗಾದರೆ ನೀವು ಮೂವರು ಒಳಗಿನ ಕ್ಯಾಬಿನ್ ತೆಗೆದುಕೊಳ್ಳಿ, ಹಿರಿಯರಿಗೆ ಅದೇ ಓಣಿಯ ಎದುರು ಸಾಲಿನಲ್ಲಿ ಕಿಟಕಿಯ ಕ್ಯಾಬಿನ್ ಕೊಡಿಸಿ. ಬಹುತೇಕ ಹಡಗುಗಳಲ್ಲಿ ಓಣಿಯ ಒಂದು ಬದಿಗೆ ಸಮುದ್ರದ ಕಡೆಯ ಕೋಣೆಗಳು, ಇನ್ನೊಂದು ಬದಿಗೆ ಒಳಗಿನ ಕೋಣೆಗಳು ಇರುವುದರಿಂದ ಬಾಗಿಲಿಗೆ ಬಾಗಿಲು ಎದುರಾಗುವಂತೆ ಸಿಗುವುದು ಕಷ್ಟವಲ್ಲ. ಮಗಳಿಗೆ ಗೋಡೆಯಿಂದ ಇಳಿಸುವ ಮೇಲಿನ ಬಂಕ್ ಸಿಗುತ್ತದೆ. ಒಂಬತ್ತು ವರ್ಷದ ಮಗುವಿಗೆ ಅದು ಸಂಭ್ರಮವೇ. ಆದರೆ ಬಂಕ್ ಇಳಿಸಿದ ಮೇಲೆ ಕೆಳಗಿನ ಹಾಸಿಗೆಯಲ್ಲಿ ನೆಟ್ಟಗೆ ಕೂರಲು ತಲೆ ತಾಗುವುದರಿಂದ, ಹಗಲಿನಲ್ಲಿ ಅದನ್ನು ಮಡಚಿಡುವಂತೆ ಕೋಣೆ ನೋಡಿಕೊಳ್ಳುವ ಸಿಬ್ಬಂದಿಗೆ ಹೇಳಿ.

ಈ ಜೋಡಣೆ ಬೇಕಾದರೆ ‘ಗ್ಯಾರಂಟಿ’ ದರವನ್ನು ಬಿಡಲೇಬೇಕು. ಆ ದರದಲ್ಲಿ ಖಾತರಿಯಾಗುವುದು ಕೋಣೆಯ ದರ್ಜೆ ಮಾತ್ರ. ಕೋಣೆಯ ಸಂಖ್ಯೆಯನ್ನು ಕಂಪನಿಯೇ ನಂತರ ನಿಗದಿ ಮಾಡುತ್ತದೆ. ಎರಡು ಕೋಣೆಗಳು ಹಡಗಿನ ಎರಡು ತುದಿಗಳಲ್ಲಿ ಬಂದರೂ ಕೇಳುವಂತಿಲ್ಲ. ಒಬ್ಬರೇ ಅಥವಾ ಇಬ್ಬರೇ ಹೋಗುವ, ಎಲ್ಲಿ ಮಲಗಿದರೂ ನಿದ್ದೆ ಬರುವ ತರುಣರಿಗೆ ಅದು ಒಳ್ಳೆಯ ಉಳಿತಾಯ. ಇನ್ನೊಂದು ವಿಷಯ: ಜಾಹೀರಾತಿನ ದರಗಳನ್ನು ಹೋಲಿಸದೆ, ಬಂದರು ಶುಲ್ಕ, ತೆರಿಗೆ, ಸೇವಾ ಶುಲ್ಕ ಎಲ್ಲವೂ ಸೇರಿದ ಅಂತಿಮ ಮೊತ್ತಗಳನ್ನು ಹೋಲಿಸಿ. ಈ ಶುಲ್ಕಗಳಲ್ಲಿ ಹೆಚ್ಚಿನವು ಕೋಣೆ ಯಾವುದಿದ್ದರೂ ತಲೆಗೆ ಇಷ್ಟು ಎಂದು ಬೀಳುವುದರಿಂದ, ಮೊದಲ ನೋಟಕ್ಕೆ ದೊಡ್ಡದಾಗಿ ಕಾಣುವ ಅಂತರ ಕೊನೆಯ ಒಟ್ಟು ಮೊತ್ತಕ್ಕೆ ಹೋಲಿಸಿದರೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಕೋಣೆಯ ಬಗೆಗಿಂತಲೂ ಅದು ಇರುವ ಜಾಗವೇ ನಿದ್ದೆಯನ್ನು ನಿರ್ಧರಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಡಗಿನ ಉದ್ದಕ್ಕೆ ನಡುವೆ, ಕೆಳಗಿನ ಡೆಕ್‌ಗಳಲ್ಲಿ ಇರುವ ಕೋಣೆಗಳಿಗೆ ಅಲುಗಾಟ ಅತ್ಯಂತ ಕಡಿಮೆ. ಪಕ್ಕಕ್ಕೆ ವಾಲುವುದನ್ನು ತಗ್ಗಿಸಲು ಹಡಗಿಗೆ ಸ್ಟೆಬಿಲೈಸರ್ ರೆಕ್ಕೆಗಳಿದ್ದರೂ ಮುಂಭಾಗ ಎದ್ದು ಬೀಳುವುದನ್ನು ಅವು ತಡೆಯಲಾರವು. ಲಕ್ಷದ್ವೀಪದಲ್ಲಿ ದೊಡ್ಡ ಹಡಗುಗಳು ದಡಕ್ಕೆ ಬರಲಾಗದೆ ದೂರದಲ್ಲೇ ಲಂಗರು ಹಾಕುತ್ತವೆ. ಮುಂಭಾಗದ ಕೆಳ ಡೆಕ್‌ನಲ್ಲಿ ಮಲಗಿದವರಿಗೆ ಆ ಸರಪಳಿ ಇಳಿಯುವ ಸದ್ದೇ ಬೆಳಗಿನ ಅಲಾರಂ. ಹಿಂಭಾಗದಲ್ಲಿ ಎಂಜಿನ್ನಿನ ನಡುಕವಿರುತ್ತದೆ. ಈಜುಕೊಳದ ಡೆಕ್‌ಗೆ ನೇರ ಕೆಳಗಿನ ಕೋಣೆಗಳಲ್ಲಿ ನಸುಕಿನಲ್ಲಿ ಕುರ್ಚಿ ಎಳೆಯುವ ಸದ್ದು, ಡಿಸ್ಕೋ ಅಥವಾ ರಂಗಮಂದಿರದ ಪಕ್ಕದಲ್ಲಿ ನಡುರಾತ್ರಿಯ ಸದ್ದು. ಡೆಕ್‌ಗಳ ನಕ್ಷೆಯನ್ನು ಏಜೆಂಟರಿಂದ ತರಿಸಿಕೊಂಡು, ಮೇಲಿನ ಡೆಕ್‌ನಲ್ಲೂ ಕೆಳಗಿನ ಡೆಕ್‌ನಲ್ಲೂ ಕೋಣೆಗಳೇ ಇರುವ ಜಾಗವನ್ನು ಹುಡುಕಿ. ಪಕ್ಕದ ಕೋಣೆಗೆ ನಡುಬಾಗಿಲು ಇರುವ ಕೋಣೆ ಬೇಡ. ಆ ಬಾಗಿಲ ಮೂಲಕ ಮಾತು ಕೇಳಿಸುತ್ತದೆ.

ಸಮುದ್ರದ ಓಕರಿಕೆಯ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಬೇಕು. ಕಿವಿಯ ಒಳಭಾಗಕ್ಕೆ ಚಲನೆ ತಿಳಿಯುತ್ತಿದ್ದು, ಕಣ್ಣಿಗೆ ನಿಂತ ಗೋಡೆಗಳೇ ಕಾಣುತ್ತಿದ್ದಾಗ ಹೊಟ್ಟೆ ತೊಳಸುತ್ತದೆ. ಆಗ ಒಳಗಿನ ಕ್ಯಾಬಿನ್‌ನಲ್ಲಿ ಕೂರದೆ ತೆರೆದ ಡೆಕ್‌ಗೆ ಬಂದು ದಿಗಂತವನ್ನು ನೋಡಬೇಕು, ಇಲ್ಲವೇ ಕಣ್ಣು ಮುಚ್ಚಿ ಮಲಗಬೇಕು. ತಂದೆಯವರಿಗೆ ಇದರ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಈ ಬಗೆಯ ಹಲವು ಮಾತ್ರೆಗಳು ವಯಸ್ಸಾದವರಲ್ಲಿ ಮಂಪರು ತರುತ್ತವೆ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಕಟ್ಟಿಸಲೂಬಹುದು.

ಸುರಕ್ಷತೆಯಲ್ಲಿ ಒಳಗಿನ ಕೋಣೆ ಕೀಳಲ್ಲ. ಅವಘಡದಲ್ಲಿ ಯಾರೂ ಕಿಟಕಿಯಿಂದ ಹೊರಬೀಳುವುದಿಲ್ಲ. ಎಲ್ಲರೂ ಓಣಿಯ ಮೂಲಕ ತಮಗೆ ಗೊತ್ತುಮಾಡಿದ ಸೇರುವ ಸ್ಥಳಕ್ಕೇ ಹೋಗಬೇಕು. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ‘ಕೋಸ್ಟಾ ಕಾನ್ಕಾರ್ಡಿಯಾ’ ಬಂಡೆಗೆ ತಗಲಿ ಮಗುಚಿದ ಮೇಲೆ ಅಂತರರಾಷ್ಟ್ರೀಯ ನಿಯಮ ಬಿಗಿಯಾಗಿ, ಹೊಸ ಪ್ರಯಾಣಿಕರಿಗೆ ಹಡಗು ಹೊರಡುವ ಮೊದಲೇ ಅಥವಾ ಹೊರಟೊಡನೆ ಹೀಗೆ ಸೇರುವ ತಾಲೀಮು ಮಾಡಿಸುವುದು 2015ರಿಂದ ಕಡ್ಡಾಯವಾಗಿದೆ. ಅದನ್ನು ತಪ್ಪಿಸಬೇಡಿ. ಕೋಣೆಯಿಂದ ಹತ್ತಿರದ ಮೆಟ್ಟಿಲಿಗೆ ಎಷ್ಟು ಬಾಗಿಲುಗಳಿವೆ ಎಂದು ಎಲ್ಲರೂ ಒಮ್ಮೆ ಎಣಿಸಿಕೊಳ್ಳಿ.

ಪ್ರಶ್ನೆ: ಸಿಂಗಪುರದಲ್ಲಿರುವ ನಾವು ಒಳಗಿನ ಕ್ಯಾಬಿನ್ ಹುಡುಕುವಾಗ ‘ವರ್ಚುವಲ್ ಬಾಲ್ಕನಿ’ ಎಂಬುದನ್ನು ಕಂಡೆವು. ಅದು ಉಪಯುಕ್ತವೇ?

ಉತ್ತರ: ಉಪಯುಕ್ತವೇ. ಡಿಸ್ನಿ ಕಂಪನಿ 2011ರಲ್ಲಿ ‘ಡಿಸ್ನಿ ಡ್ರೀಮ್’ ಹಡಗಿನ ಒಳಕೋಣೆಗಳಿಗೆ ದುಂಡು ಕಿಟಕಿಯಂಥ ಟಿವಿ ಪರದೆ ಹಾಕಿತು. ನೀವು ಕಂಡ ‘ವರ್ಚುವಲ್ ಬಾಲ್ಕನಿ’ ಎಂದರೆ ರಾಯಲ್ ಕೆರಿಬಿಯನ್ ಕಂಪನಿ 2014ರಲ್ಲಿ ಮೊದಲು ‘ನ್ಯಾವಿಗೇಟರ್ ಆಫ್ ದಿ ಸೀಸ್’, ನಂತರ ‘ಕ್ವಾಂಟಮ್ ಆಫ್ ದಿ ಸೀಸ್’ ಹಡಗಿನಲ್ಲಿ ತಂದ, ನೆಲದಿಂದ ಚಾವಣಿಯವರೆಗಿನ ಟಿವಿ ಪರದೆ. ಹೊರಗಿನ ಕ್ಯಾಮೆರಾದ ನೇರ ದೃಶ್ಯ ಅದರಲ್ಲಿ ಕಾಣುವುದರಿಂದ ಬೆಳಗಾಯಿತೆಂದು ತಿಳಿಯುತ್ತದೆ, ಬೇಡವಾದಾಗ ಆರಿಸಬಹುದು. ಮುಚ್ಚಿದ ಕೋಣೆಗೆ ಹೆದರುವವರಿಗೆ ಮಾತ್ರ ಇದು ನಿಜವಾದ ಕಿಟಕಿಯ ಬದಲಿಯಾಗದು. ಪರದೆಯಿಲ್ಲದ ಹಡಗಾದರೆ, ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾದ ಚಾನೆಲ್ ಇದೆಯೇ ಎಂದು ವಿಚಾರಿಸಿ. ರಾತ್ರಿ ಅದನ್ನು ಸದ್ದಿಲ್ಲದೆ ಹಚ್ಚಿಟ್ಟರೆ ಬೆಳಗಿನ ಜಾವದ ಬೆಳಕು ತಾನಾಗಿ ಕೋಣೆಗೆ ಬರುತ್ತದೆ. ‘ವಾಯೇಜರ್ ಆಫ್ ದಿ ಸೀಸ್’ ಮಾದರಿಯ ಹಡಗುಗಳಲ್ಲಿ ಒಳಗಿನ ಅಂಗಡಿ ಬೀದಿಗೆ ಮುಖಮಾಡಿದ ಕಿಟಕಿಯ ಕೋಣೆಗಳೂ ಇವೆ. ಅಲ್ಲಿ ತಡರಾತ್ರಿಯ ಮೆರವಣಿಗೆಯ ಸದ್ದು ಒಳಗೆ ಬರುವುದರಿಂದ, ಮಕ್ಕಳನ್ನು ಬೇಗ ಮಲಗಿಸುವವರು ಅವನ್ನು ಆರಿಸದಿರುವುದು ಒಳ್ಳೆಯದು.