ಬರೆಯೋದು ಬಿಟ್ಟುಬಿಡಲಾ ಅಂತ ಕೇಳಿದವರಿಗೆ

"ಐದು ವರ್ಷದಿಂದ ಕತೆ ಬರೆಯುತ್ತಿದ್ದೇನೆ, ಮೂರು ಪ್ರಕಟವಾಗಿವೆ, ಈಗ ಕೂತರೆ ಒಂದು ಸಾಲೂ ಬರುವುದಿಲ್ಲ, ಬಂದರೂ ಓದುವವರು ಯಾರು ಅನ್ನಿಸುತ್ತದೆ, ಬಿಟ್ಟುಬಿಡಲಾ?" ಅಂತ ಕೇಳಿದ್ದೀರಿ.

ಬಿಡಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮಿಕ್ಕವರೆಲ್ಲ ನಿಮಗೆ ಬಿಡಬೇಡಿ, ಬರೀತಾ ಇರಿ, ಒಂದಲ್ಲ ಒಂದಿನ ಆಗುತ್ತೆ ಅಂತಲೇ ಹೇಳುತ್ತಾರೆ. ನಾನು ಒಮ್ಮೆ ಬಿಟ್ಟವನು. ಮೂರು ವರ್ಷ ಒಂದಕ್ಷರ ಬರೆಯಲಿಲ್ಲ. ಯಾಕಪ್ಪಾ ಬರೀತಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಮೊದಲ ಆರು ತಿಂಗಳಂತೂ ತಲೆ ಮೇಲಿನ ಮೂಟೆ ಇಳಿಸಿದ ಹಾಗಿತ್ತು. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದರೆ, ಅಯ್ಯೋ ಇವತ್ತೂ ಬರೆಯಲಿಲ್ಲ ಅನ್ನೋ ಕಾಟ ಇಲ್ಲ. ಮಗಳಿಗೆ ಸೈಕಲ್ ಕಲಿಸಿದೆ. ಹೆಂಡತಿ "ಈಗೀಗ ನೀವು ಮನುಷ್ಯರ ಹಾಗೆ ಮಾತಾಡ್ತೀರಿ" ಅಂದಳು.

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಊರವರ ಬಾಯಲ್ಲಿ ಅದು ಸೊಸೈಟಿ. ಬೆಳೆಸಾಲ, ಬಂಗಾರದ ಸಾಲ, ಗೊಬ್ಬರದ ಚೀಟಿ, ಇಷ್ಟೇ ನನ್ನ ದಿನ. ಕಾಲೇಜಿನಲ್ಲಿ ಬರೆಯುವ ಹುಚ್ಚು ಹಿಡಿಯಿತು. ಪ್ರತಿ ವರ್ಷ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳಿಸುವುದು, ಫಲಿತಾಂಶ ಬಂದ ದಿನ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೇ ನಿಂತು ಪುಟ ತಿರುವುವುದು, ಮೆಚ್ಚುಗೆ ಪಡೆದವರ ಪಟ್ಟಿಯ ಕೊನೆಯ ಹೆಸರಿನ ತನಕ ಓದಿ ಸುಮ್ನೆ ಮಡಚಿ ಚೀಲಕ್ಕೆ ಹಾಕಿಕೊಳ್ಳುವುದು. ಹೀಗೆ ಏಳು ವರ್ಷ. ನಡುವೆ ಅಲ್ಲೊಂದು ಇಲ್ಲೊಂದು ಕತೆ ಬಂತು. ಹನ್ನೊಂದು ಆದಾಗ ಪುಸ್ತಕ ಮಾಡೋಣ ಅನ್ನಿಸಿತು.

ಪುಸ್ತಕದ ಕತೆ ಸ್ವಲ್ಪ ಹೇಳಬೇಕು, ಯಾಕಂದ್ರೆ ನಿಮ್ಮ ಮುಂದೆಯೂ ಇದು ಬರಬಹುದು. ಒಬ್ಬ ಪ್ರಕಾಶಕರು "ಕಾಗದದ ಖರ್ಚು ನೀವು ಹಾಕಿ, ಉಳಿದದ್ದು ನಮಗಿರಲಿ" ಅಂದರು. 35,000 ರೂಪಾಯಿ ಕೊಟ್ಟೆ. 500 ಪ್ರತಿ ಅಚ್ಚಾಯಿತು ಅಂದರು, ಅದರಲ್ಲಿ 300 ಪ್ರತಿ ನನ್ನ ಮನೆಗೇ ಬಂತು. ಕಂದು ಕಾಗದದಲ್ಲಿ ಸುತ್ತಿದ ಆರು ಕಟ್ಟು, ಅವ್ವನ ಮಂಚದಡಿ. ಬಿಡುಗಡೆಗೆ ನಲವತ್ತು ಜನ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೆಂಟರು. ಮುಖ್ಯ ಅತಿಥಿ ವಚನಗಳಿಂದ ಶುರು ಮಾಡಿ ನಲವತ್ತು ನಿಮಿಷ ಮಾತಾಡಿ ಕೊನೆಗೆ ಪುಸ್ತಕದ ಹೆಸರನ್ನೇ ತಪ್ಪು ಹೇಳಿದರು. ಉಪ್ಪಿಟ್ಟು, ಶಿರಾ ಖಾಲಿಯಾಯಿತು, ಪುಸ್ತಕ ಆಗಲಿಲ್ಲ. ಅವ್ವ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸುವಾಗ ಒಂದು ಕಟ್ಟನ್ನು ಮೆಟ್ಟಿಲು ಮಾಡಿಕೊಳ್ಳುತ್ತಿದ್ದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಅಷ್ಟಾದರೂ ಉಪಯೋಗ ಆಯಿತಲ್ಲ. ನಮ್ಮ ಜಿಲ್ಲೆಯವರೇ ಆದ ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಅಂತ ಶಾಲೆಯಲ್ಲಿ ಕೇಳಿದ್ದೆ. ನನಗೆ ಆರು ಕಟ್ಟನ್ನು ಮಂಚದಡಿಯಿಂದ ಎಳೆಯುವುದಕ್ಕೂ ಮನಸ್ಸಾಗಲಿಲ್ಲ.

ದುಡ್ಡಿನ ಮಾತನ್ನು ಇಲ್ಲೇ ಮುಗಿಸಿಬಿಡೋಣ. ಸರಿಯಾದ ಪ್ರಕಾಶಕರು ಸಿಕ್ಕಿ, ಶೇಕಡಾ 10 ಗೌರವಧನ ಕೊಟ್ಟು, 150 ರೂಪಾಯಿಯ ಪುಸ್ತಕ 500 ಪ್ರತಿ ಪೂರ್ತಿ ಮಾರಿಹೋದರೆ ನಿಮಗೆ ಬರುವುದು 7,500 ರೂಪಾಯಿ. ನೀವು ದುಡ್ಡಿಗಾಗಿ ಬರೆಯುತ್ತಿದ್ದರೆ ಇದನ್ನು ಮುಂದೆ ಓದುವುದೂ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಪುಸ್ತಕ ಬಂದ ಹೊಸದರಲ್ಲಿ ಸೊಸೈಟಿಯ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟಿದ್ದೆ. ನಮ್ಮ ಅಟೆಂಡರ್ ಒಬ್ಬರೇ ಅದನ್ನು ಪೂರ್ತಿ ಓದಿದವರು. ಏಳನೇ ಇಯತ್ತೆ ತನಕ ಕಲಿತವರು, ಪೇಪರನ್ನು ಜಾಹೀರಾತು ಸಮೇತ ಓದುವವರು. ಒಂದು ವಾರ ಬಿಟ್ಟು ಚಹಾ ತಂದಿಟ್ಟು, ಸ್ವಲ್ಪ ಹೊತ್ತು ನಿಂತು ಹೇಳಿದರು: "ಸರ, ಕತಿ ಛಲೋ ಅದಾವ್ರೀ. ಆದ್ರ ನಿಮ್ಮ ಕತಿಯಾಗ ಯಾರಿಗೂ ಸಾಲನ ಇಲ್ಲಲ್ರೀ?"

ನನಗೆ ಸಿಟ್ಟು ಬಂತು. ಇವರಿಗೇನು ಗೊತ್ತು ಸಾಹಿತ್ಯ ಅಂದುಕೊಂಡೆ. ನನ್ನ ಕತೆಗಳಲ್ಲಿ ಏನಿತ್ತು ಗೊತ್ತಾ? ಮಳೆ, ಮಲೆನಾಡಿನ ದೊಡ್ಡ ಮನೆ, ಜಗಲಿಯಲ್ಲಿ ಕೂತ ಅಜ್ಜ, ಊರಿಗೆ ಬಂದು ಸುಮ್ಮನೆ ಸಿಗರೇಟು ಸೇದುವ ಮೊಮ್ಮಗ. ನಾನು ಹುಟ್ಟಿ ಬೆಳೆದದ್ದು ಮೆಣಸಿನಕಾಯಿ, ಗೋವಿನಜೋಳದ ಬಯಲಿನಲ್ಲಿ. ನಮ್ಮನೆಗೆ ಜಗಲಿಯೇ ಇಲ್ಲ. ಅಜ್ಜ ಕಟ್ಟೆ ಮೇಲೆ ಕೂತು ಊರವರಿಗೆಲ್ಲ ಬಾಯಿತುಂಬ ಬೈಯುತ್ತಿದ್ದ, ಒಂದು ದಿನವೂ ಮೌನವಾಗಿ ಮಳೆ ನೋಡಿದವನಲ್ಲ. ಅವೆಲ್ಲ ನಾನು ಇಷ್ಟಪಟ್ಟು ಓದಿದ ಕತೆಗಳಿಂದ ಕಡ ತಂದ ಸಾಮಾನು. ದಿನಾ ಬೆಳಿಗ್ಗೆ ಹತ್ತರಿಂದ ಐದರ ತನಕ ನಾನು ಸಾಲಗಾರರ ಮುಖ ನೋಡುತ್ತಿದ್ದೆ, ರಾತ್ರಿ ಮನೆಗೆ ಹೋಗಿ ಸಾಲವೇ ಇಲ್ಲದ ಜನರ ಬಗ್ಗೆ ಬರೆಯುತ್ತಿದ್ದೆ. ಇದು ಆಗ ಹೊಳೆಯಲಿಲ್ಲ. ಬರೆಯಲು ಕೂತರೆ ಆಕಳಿಕೆ ಬರುವುದು ಮಾತ್ರ ಗೊತ್ತಾಗುತ್ತಿತ್ತು. ಉತ್ಸಾಹ ಹೋಯಿತು, ಪ್ರತಿಭೆ ಬತ್ತಿತು ಅಂತ ದೊಡ್ಡ ದೊಡ್ಡ ಹೆಸರು ಕೊಟ್ಟೆ, ಬಿಟ್ಟೆ.

ಮೂರನೇ ವರ್ಷದ ಜೂನ್. ಬಿತ್ತನೆ ಹೊತ್ತು, ಗೊಬ್ಬರಕ್ಕೆ ದುಡ್ಡಿಲ್ಲದೆ ಒಡವೆ ಇಡುವವರ ಸಾಲು ಬಾಗಿಲ ಆಚೆ ತನಕ. ಒಬ್ಬ ಹೆಣ್ಣುಮಗಳು, ನಲವತ್ತೈದರ ಆಸುಪಾಸು, ಕೌಂಟರಿನ ಮುಂದೆಯೇ ನಿಂತು ಕಿವಿಯ ಬೆಂಡೋಲೆ ತಿರುಗಿಸಿ ಬಿಚ್ಚಿದರು. ಪತ್ತಾರರು ತೂಗಿದರು, ಐದು ಗ್ರಾಂ ಚಿಲ್ಲರೆ. ನಾನು ಚೀಟಿ ಬರೆಯುತ್ತಿದ್ದೆ. ಆಕೆ ಮೂಲೆಯಲ್ಲಿ ಒರಗಿಸಿಟ್ಟಿದ್ದ ನಮ್ಮ ಆಫೀಸಿನ ಕಸಬರಿಗೆ ಕಡೆ ನೋಡಿ, "ಒಂದು ಕಡ್ಡಿ ತಗೋಲೇನ್ರೀ?" ಅಂತ ಕೇಳಿದರು. ಒಂದು ಕಡ್ಡಿ ಕಿತ್ತು, ಹಲ್ಲಲ್ಲಿ ಕಚ್ಚಿ ಎರಡು ತುಂಡು ಮಾಡಿ, ಸೆರಗಿನಿಂದ ಒರೆಸಿ ಎರಡೂ ಕಿವಿಗೆ ಸೇರಿಸಿಕೊಂಡರು. "ತೂತು ಮುಚ್ಚಿಹೋಗ್ತಾವ್ರೀ" ಅಂದರು, ನಾನು ನೋಡುತ್ತಿದ್ದದ್ದಕ್ಕೆ. ಆಮೇಲೆ ಹೆಬ್ಬೆಟ್ಟು ಅಲ್ಲ, ನೆಟ್ಟಗೆ ಸಹಿ ಮಾಡಿ, ದುಡ್ಡು ಎಣಿಸಿಕೊಂಡು ಹೋದರು.

ಅವರು ಹೋದ ಮೇಲೆ ಹಾಳಾದ ಒಂದು ಚೀಟಿಯ ಹಿಂದೆ ನಾನು ಬರೆದಿದ್ದೆ: ಕಸಬರಿಗೆ ಕಡ್ಡಿ, ಹಲ್ಲಲ್ಲಿ ಕಚ್ಚಿದ್ದು, ಸೆರಗಿನಿಂದ ಒರೆಸಿದ್ದು. ಬರೆಯಬೇಕು ಅಂತ ಬರೆದದ್ದಲ್ಲ. ಕೈ ಬರೆದಿತ್ತು. ಮೂರು ವರ್ಷದ ಮೇಲೆ ಮೊದಲ ಸಾಲು, ಅದೂ ಅರ್ಧಂಬರ್ಧ. ಅಟೆಂಡರ್ ಹೇಳಿದ್ದ ಮಾತು ಆ ಹೊತ್ತಿಗೆ ನೆನಪಾಗಿ ಕಿವಿ ಬಿಸಿಯಾಯಿತು.

ಇದು ಸಿನಿಮಾ ಅಲ್ಲ, ಅವತ್ತು ರಾತ್ರಿಯೇ ಕೂತು ಕತೆ ಬರೆದುಬಿಟ್ಟೆ ಅನ್ನುವುದಕ್ಕೆ. ಎಂಟು ತಿಂಗಳು ಹಿಡಿಯಿತು. ಮೊದಲ ಸಲ ಬರೆದಾಗ ಮತ್ತೆ ಹಳೇ ಚಟ, ಆಕೆಯನ್ನು ಗೋಳಾಡಿಸಿದ್ದೆ, ಕಣ್ಣಲ್ಲಿ ನೀರು ಹಾಕಿಸಿದ್ದೆ. ಫೆಬ್ರವರಿಯಲ್ಲಿ ಮೆಣಸಿನಕಾಯಿ ಮಾರಿ ಆಕೆ ಓಲೆ ಬಿಡಿಸಿಕೊಳ್ಳಲು ಬಂದರು. ನಾನು ಕಿವಿಯನ್ನೇ ನೋಡಿದೆ. ಕಡ್ಡಿ ಇರಲಿಲ್ಲ. ಪಿನ್ನಿನ ತಲೆಯಷ್ಟು ಸಣ್ಣ, ಹಸಿರು ಪ್ಲಾಸ್ಟಿಕ್ ಮಣಿಯ ಓಲೆ, ಜಾತ್ರೆಯಲ್ಲಿ ಹತ್ತು ರೂಪಾಯಿಗೆ ಜೋಡಿ ಸಿಗುವಂಥದ್ದು. ಬೆಂಡೋಲೆ ಕೈಗೆ ಬಂದ ಮೇಲೆ ಆ ಹಸಿರು ಮಣಿಗಳನ್ನು ಬಿಸಾಡಲಿಲ್ಲ. ಚೀಟಿಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು. ಮುಂದಿನ ಜೂನ್ ಬರುತ್ತಲ್ಲ! ನಾನು ಹತ್ತು ಜನ್ಮ ಯೋಚಿಸಿದರೂ ಇದು ಹೊಳೆಯುತ್ತಿರಲಿಲ್ಲ. ಮನೆಗೆ ಹೋಗಿ ಕಣ್ಣೀರಿನ ಎರಡು ಪುಟ ಹರಿದುಹಾಕಿದೆ.

ಕತೆ ಒಂದು ಪತ್ರಿಕೆಯಲ್ಲಿ ಬಂತು. ಎರಡು ಪತ್ರ ಬಂದವು. ಅದರಲ್ಲಿ ಒಂದು, ನಿಮ್ಮ ಸೊಸೈಟಿಯಲ್ಲಿ ಬಂಗಾರದ ಸಾಲಕ್ಕೆ ಬಡ್ಡಿ ಎಷ್ಟು ಅಂತ. ನಿಜ ಹೇಳಬೇಕೆಂದರೆ ನನಗೆ ಬಂದ ಅತಿ ದೊಡ್ಡ ಹೊಗಳಿಕೆ ಅದೇ.

ಈಗ ನಿಮ್ಮ ವಿಚಾರ. ನೀವು ಏನು ಬರೆಯುತ್ತೀರಿ, ಎಲ್ಲಿರುತ್ತೀರಿ ನನಗೆ ಗೊತ್ತಿಲ್ಲ, ಹಾಗಾಗಿ ಇದೇ ನಿಮ್ಮ ರೋಗ ಅನ್ನಲಾರೆ. ಆದರೆ ಪ್ರಕಟವಾದ ನಿಮ್ಮ ಮೂರೂ ಕತೆ ತೆಗೆದು, ಇದರಲ್ಲಿ ನನಗೆ ಮಾತ್ರ ಗೊತ್ತಿರುವುದು ಏನಿದೆ ಅಂತ ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಾ ಹೋಗಿ. ನನ್ನ ಹನ್ನೊಂದು ಕತೆಗೆ ಹಾಗೆ ಮಾಡಿದಾಗ ಆರು ಸಾಲು ಸಿಕ್ಕಿತು, ಪೂರ್ತಿ ಪುಸ್ತಕಕ್ಕೆ ಆರು. ನಿಮಗೂ ಹಾಗೇ ಆದರೆ ನೀವು ದಣಿದಿರುವುದು ಬರೆಯುವುದರಿಂದ ಅಲ್ಲ, ಬೇರೆಯವರ ಬಟ್ಟೆ ಹಾಕಿಕೊಂಡು ತಿರುಗಿದ್ದರಿಂದ ಇರಬಹುದು. ಕುವೆಂಪು ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು, 1922ರಲ್ಲಿ ಒಂದು ಸಂಕಲನವೂ ಬಂದಿತ್ತು. ಜೇಮ್ಸ್ ಕಸಿನ್ಸ್ ಅನ್ನುವ ಐರಿಷ್ ಕವಿ ಮೈಸೂರಿಗೆ ಬಂದಾಗ ಅದನ್ನು ನೋಡಿ, ನಿಮ್ಮ ಭಾಷೆಯಲ್ಲೇ ಯಾಕೆ ಬರೆಯಬಾರದು ಅಂತ ಕೇಳಿದರು. ಬರೀರಿ ಅನ್ನಲಿಲ್ಲ, ಬಿಡಿ ಅಂತಲೂ ಅನ್ನಲಿಲ್ಲ, ನೋಡಿ. ನಮ್ಮ ಅಟೆಂಡರ್ ಕೇಳಿದ್ದೂ ಆ ಜಾತಿಯ ಪ್ರಶ್ನೆಯೇ. ನನಗೆ ಅರ್ಥವಾಗಲು ಮೂರು ವರ್ಷ ಬೇಕಾಯಿತು ಅಷ್ಟೇ.

ಓದುವವರು ಯಾರು ಅಂದಿರಿ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಈ ಪ್ರಶ್ನೆಗೆ ಎಲ್ಲರೂ ಅವರನ್ನೇ ತೋರಿಸುತ್ತಾರೆ. ನಾನು ಬೇರೆ ಲೆಕ್ಕ ತೋರಿಸುತ್ತೇನೆ. ಪ್ರಶಸ್ತಿ ಬಂದ ಅವರ ಪುಸ್ತಕದ ಹನ್ನೆರಡು ಕತೆಗಳು 1990ರಿಂದ 2023ರ ನಡುವೆ ಬರೆದವು. 1990ರಲ್ಲಿ ಆ ಪ್ರಶಸ್ತಿಯೇ ಹುಟ್ಟಿರಲಿಲ್ಲ. ಅಂದರೆ ಹಾಸನದಲ್ಲಿ ವಕೀಲಿಕೆ ಮಾಡಿಕೊಂಡು ಬರೆದ ಆ ಹೆಂಗಸು ಇನ್ಯಾವುದಕ್ಕೋ ಬರೆದಿರಬೇಕು ಅಲ್ವಾ? ಶ್ರೀನಿವಾಸ ವೈದ್ಯರು ಬ್ಯಾಂಕಿನಲ್ಲಿದ್ದವರು, ಹುಟ್ಟಿದ್ದು 1936ರಲ್ಲಿ, 'ಹಳ್ಳ ಬಂತು ಹಳ್ಳ' ಕಾದಂಬರಿ ಬಂದದ್ದು 2004ರಲ್ಲಿ. ಲೆಕ್ಕ ನೀವೇ ಹಾಕಿ. ಇದನ್ನು ಹುರಿದುಂಬಿಸಲು ಹೇಳುತ್ತಿಲ್ಲ. ಅವಸರ ಯಾಕೆ ಅಂತ ಕೇಳುತ್ತಿದ್ದೇನೆ. ಇಪ್ಪತ್ತೆಂಟಕ್ಕೇ ಹೆಸರಾಗದಿದ್ದರೆ ಮುಗೀತು ಅನ್ನುವ ನಿಯಮ ಕ್ರಿಕೆಟ್ಟಿಗೆ ಇರಬಹುದು.

ಇಷ್ಟಾದ ಮೇಲೂ ಬಿಡಬೇಕು ಅನ್ನಿಸಿದರೆ ಸರಿಯಾಗಿ ಬಿಡಿ. ಅರ್ಧ ಬಿಟ್ಟು, ಅರ್ಧ ಕೊರಗುವುದು ಎರಡೂ ಕಡೆ ಲುಕ್ಸಾನು. ಗೆಳೆಯರಿಗೆ ಹೇಳಿಬಿಡಿ, ಬರಹಗಾರರ ವಾಟ್ಸಾಪ್ ಗುಂಪುಗಳಿಂದ ಹೊರಗೆ ಬನ್ನಿ (ಬರೆಯುವವರೂ ಬರಬೇಕು ಅನ್ನುವುದು ನನ್ನ ಅಭಿಪ್ರಾಯ, ಹದಿನೈದು ಚಪ್ಪಾಳೆ ಚಿತ್ರಗಳಲ್ಲಿ ಹದಿನಾಲ್ಕು ಓದದೇ ಒತ್ತಿದವು), ಸ್ಪರ್ಧೆಗಳ ತಾರೀಖು ಮರೆತುಬಿಡಿ. ಆರು ತಿಂಗಳೋ ಒಂದು ವರ್ಷವೋ. ಆ ಹೊತ್ತಲ್ಲಿ ಓದಿ, ಅಥವಾ ಓದಲೂಬೇಡಿ, ಸೈಕಲ್ ಕಲಿಸಿ. ಯಾವುದೋ ಚೀಟಿಯ ಹಿಂದೆ, ಬಸ್ ಟಿಕೆಟ್ಟಿನ ಮೇಲೆ, ಫೋನಿನಲ್ಲಿ ಏನಾದರೂ ಗೀಚಿದ್ದು ಸಿಕ್ಕರೆ ಆಗ ಯೋಚಿಸಿ. ಏನೂ ಸಿಗದಿದ್ದರೆ ಒಳ್ಳೆಯದೇ ಆಯಿತು, ನಿಮ್ಮ ಸಂಜೆಗಳು ನಿಮ್ಮದೇ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮತ್ತೆ ಶುರು ಮಾಡಿದರೆ ಒಬ್ಬರೇ ಒಬ್ಬ ಓದುಗರನ್ನು ಹುಡುಕಿಕೊಳ್ಳಿ. ಸಾಹಿತಿ ಬೇಡ. ನನಗೀಗ ಅಟೆಂಡರೇ ಮೊದಲ ಓದುಗ, ನಿವೃತ್ತರಾಗಿದ್ದಾರೆ, ಮನೆಗೇ ಹೋಗಿ ಓದಿ ಹೇಳುತ್ತೇನೆ, ಕಣ್ಣು ಮಂದವಾಗಿದೆ ಅವರಿಗೆ. ಇಷ್ಟವಾಗದ ಜಾಗ ಬಂದರೆ ಅವರು ಏನೂ ಅನ್ನುವುದಿಲ್ಲ, ಎಲೆ-ಅಡಿಕೆ ಚೀಲ ಬಿಚ್ಚುತ್ತಾರೆ. ನಾನು ಅಲ್ಲೇ ಗುರುತು ಹಾಕಿಕೊಳ್ಳುತ್ತೇನೆ. ಹೋದ ತಿಂಗಳು ಓದಿದ ಕತೆಯಲ್ಲಿ ಚೀಲ ಮೂರು ಸಲ ಬಿಚ್ಚಿತು, ಆ ಕತೆ ಇನ್ನೂ ಮೇಜಿನ ಮೇಲೇ ಇದೆ.

ಆ ಮೂರು ಕತೆಗೆ ಪೆನ್ಸಿಲ್ ಗೆರೆ ಎಳೆದ ಮೇಲೆ ಎಷ್ಟು ಸಾಲು ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ಸಂಜೆ ನೋಡುತ್ತೇನೆ. ಈಗ ಸೊಸೈಟಿಗೆ ಹೊತ್ತಾಯಿತು. ಮೆಣಸಿನಕಾಯಿ ಸುಗ್ಗಿ, ಒಡವೆ ಬಿಡಿಸಿಕೊಳ್ಳುವವರು ಹತ್ತಕ್ಕಿಂತ ಮುಂಚೆಯೇ ಬಂದು ಕಟ್ಟೆ ಮೇಲೆ ಕೂತಿರುತ್ತಾರೆ.